ಎದ್ದು ಹೋಗದ ಕೇಳುಗ

ಅವಳು ತನ್ನ ದನಿಯೊಂದನ್ನು ಬಿಟ್ಟು ಬೇರೆ ಯಾರ ದನಿಗೂ ಕಿವಿಗೊಟ್ಟವಳಲ್ಲ. ಇದನ್ನು ನಯವಾಗಿ ಹೇಳುವ ದಾರಿಗಳಿವೆ. ನಿವೃತ್ತಿಯ ದಿನ ಆಕಾಶವಾಣಿ ನಿಲಯದವರು ವೃತ್ತಿನಿಷ್ಠೆ ಎಂದರು, ಶಿಸ್ತು ಎಂದರು, ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಆದರೆ ಅವಳ ಜೊತೆ ಒಂದೇ ಸೂರಿನಡಿ ಬದುಕಿದವರಿಗೆ, ಒಂದೇ ಕಾರಿಡಾರಿನಲ್ಲಿ ಓಡಾಡಿದವರಿಗೆ ಈ ನಯದ ಮಾತುಗಳ ಅಗತ್ಯವಿರಲಿಲ್ಲ. "ಹೇಗಿದ್ದೀರಿ" ಎಂದು ಅವಳು ಕೇಳುತ್ತಿದ್ದಳು, ನಿಜ. ಉತ್ತರ ನಮ್ಮ ಬಾಯಿಗೆ ಬರುವಷ್ಟರಲ್ಲಿ ಅವಳು ನಾಲ್ಕು ಮೆಟ್ಟಿಲು ಹತ್ತಿ ಹೋಗಿರುತ್ತಿದ್ದಳು.

ಅವಳ ಬೆನ್ನ ಹಿಂದಿನ ಹೆಸರು ಗಂಟಲಮ್ಮ. ಬಿರುಬೇಸಿಗೆಯಲ್ಲೂ ಕುತ್ತಿಗೆಗೆ ಉಣ್ಣೆಯ ಸ್ಕಾರ್ಫು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಪ್ರಸಾರಕ್ಕೆ ಮುಂಚೆ ಯಾರ ಜೊತೆಗೂ ಮಾತಿಲ್ಲ, ಬರೀ ಸನ್ನೆ. ಮೇಜಿನ ಮೇಲೆ ಒಂದು ಸಲ ಬೆರಳು ಕುಟ್ಟಿದರೆ ನೀರು ತಾ ಎಂದರ್ಥ, ಎರಡು ಸಲ ಕುಟ್ಟಿದರೆ ಬಾಗಿಲು ಹಾಕು ಎಂದರ್ಥ. ಹೊಸದಾಗಿ ಸೇರಿದ ಗುಮಾಸ್ತನೊಬ್ಬ ಇದು ತಿಳಿಯದೆ, "ಅಮ್ಮಾ, ನಿಮಗೆ ಹುಟ್ಟಿದಾಗಿನಿಂದಲೂ ಮಾತು ಬರಲ್ವಾ?" ಎಂದು ಕಳವಳದಿಂದ ಕೇಳಿದ್ದು ಆ ಕಟ್ಟಡದಲ್ಲಿ ಬಹಳ ವರ್ಷ ಓಡಿದ ನಗೆ.

ದನಿ ಒಳ್ಳೆಯದಿತ್ತು, ಅದನ್ನು ಒಪ್ಪದಿರುವುದು ಅನ್ಯಾಯ. ಊಟ ಮುಗಿದು ಮನೆಗಳಲ್ಲಿ ಪಾತ್ರೆ ತೊಳೆಯುವ ಹೊತ್ತಿಗೆ ಅವಳ ಕಾರ್ಯಕ್ರಮ ಬರುತ್ತಿತ್ತು. ಮನೆವಾರ್ತೆಯ ಸಲಹೆ, ಒಂದು ಸಣ್ಣ ಕತೆ, ನಡುವೆ ಹಾಡು. ಕೇಳುಗರ ಕಾರ್ಡುಗಳು ಚೀಲದಲ್ಲಿ ಬರುತ್ತಿದ್ದವು. ಗುಮಾಸ್ತ ಹೆಸರುಗಳನ್ನು ಆರಿಸಿ ಕೊಡುತ್ತಿದ್ದ, ಅವಳು ಹೆಸರುಗಳನ್ನು ಓದುತ್ತಿದ್ದಳು, ಕಾರ್ಡುಗಳನ್ನಲ್ಲ. ಯಾಕೆಂದು ಕೇಳಿದರೆ ಅವಳ ಉತ್ತರ ಸಿದ್ಧವಿತ್ತು. "ಓದಿ ಏನಾಗಬೇಕು? ಎಲ್ಲರೂ ಬರೆಯೋದು ಒಂದೇ, ನಿಮ್ಮ ದನಿ ಚೆನ್ನಾಗಿದೆ ಅಂತ. ಅದು ನನಗೆ ಮೊದಲೇ ಗೊತ್ತಿದೆ."

ರೇಡಿಯೊದ ಹಳೆಯ ನೆಮ್ಮದಿ ಅಂದರೆ ಅದಕ್ಕೆ ಕಣ್ಣಿರಲಿಲ್ಲ. ಆಚೆ ಕಡೆ ಯಾರಿದ್ದಾರೆ, ಎಷ್ಟು ಜನ, ಯಾರು ಆಕಳಿಸಿದರು, ಯಾರು ಪೆಟ್ಟಿಗೆಯ ಕಿವಿ ತಿರುವಿ ನಿಲ್ಲಿಸಿದರು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಲಕ್ಷ ಜನ ಎಂದುಕೊಂಡರೆ ಲಕ್ಷ ಜನ. ಗಂಟಲಮ್ಮ ಲಕ್ಷ ಎಂದುಕೊಂಡಿದ್ದಳು.

ಮನೆಯಲ್ಲಿ ಇದ್ದದ್ದು ಮೂವರು, ಅವಳು, ಗಂಡ ಮತ್ತು ತಂಗಿ. ತಂಗಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿದುಕೊಡುತ್ತಿದ್ದಳು. ಅಕ್ಕ ನಾಳಿನ ಬರಹವನ್ನು ಓದಿ ಅಭ್ಯಾಸ ಮಾಡುವಾಗ ಯಂತ್ರದ ಸದ್ದು ಕೂಡದು. ಆಗ ತಂಗಿ ಯಂತ್ರ ನಿಲ್ಲಿಸಿ ಕೈಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದಳು. "ನಮ್ಮ ಬೀದೀಲಿ ಕಾಜ ಇಷ್ಟು ಗಟ್ಟಿ ಇರೋಕೆ ನಮ್ಮಕ್ಕನೇ ಕಾರಣ" ಎಂದು ಅದೇ ನಿಲಯದಲ್ಲಿ ಕೆಲಸಕ್ಕಿದ್ದ ನನಗೆ ಹೇಳಿದವಳು ಅವಳೇ. ಇಲ್ಲಿ ಬರೆದಿರುವುದರಲ್ಲಿ ಮನೆಯೊಳಗಿನ ಸಂಗತಿಗಳೆಲ್ಲ ಅವಳಿಂದ ತಿಳಿದವು.

ಗಂಡ ನೀರು ಸರಬರಾಜಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದ. ಬೆಳಗಿನಿಂದ ಸಂಜೆಯವರೆಗೆ ಪರರ ಮನೆಯ ಹಿತ್ತಲುಗಳಲ್ಲಿ ಬಗ್ಗಿ ನಿಲ್ಲುವವನು, ಸಂಜೆ ಬಾಯಿ ತುಂಬ ಕತೆ ಹೊತ್ತು ಬರುತ್ತಿದ್ದ. ಮೀಟರಿನ ಗುಂಡಿಯ ಮೇಲೇ ಮಲಗಿ ಯಾರನ್ನೂ ಹತ್ತಿರ ಬಿಡದ ನಾಯಿ. ಮೀಟರಿನವನಾದರೂ ಬಂದು ಬೈಯಲಿ ಎಂದು ನಲ್ಲಿಯನ್ನು ತೊಟ್ಟಿಕ್ಕಲು ಬಿಟ್ಟಿದ್ದ ಮುದುಕ. ಅವನು "ಇವತ್ತು ಏನಾಯ್ತು ಗೊತ್ತಾ" ಎಂದು ಶುರು ಮಾಡಿ ಎರಡು ಮಾತು ಆಡುವಷ್ಟರಲ್ಲಿ ಗಂಟಲಮ್ಮ ಅಂಗೈ ಎತ್ತಿ ತಡೆಯುತ್ತಿದ್ದಳು. ಉತ್ತರ ಕೊಟ್ಟರೆ ಗಂಟಲು ಸವೆಯುತ್ತದೆ, ಕೊಡದೆ ಸುಮ್ಮನೆ ಕೇಳಿದರೆ ಮನಸ್ಸು ಚದುರುತ್ತದೆ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಉಳಿದ ಅರ್ಧ ಕತೆಯನ್ನು ಹೊತ್ತುಕೊಂಡು ಮುಂದಿನ ಕೋಣೆಗೆ, ನಾದಿನಿ ಕಾಜ ಹೊಲಿಯುವಲ್ಲಿಗೆ, ಹೋಗಿ ಕೂರುತ್ತಿದ್ದ.

ಅವನು ಸತ್ತದ್ದು ಒಂದು ರಜೆಯ ದಿನ. ಎರಡು ದಿನದಿಂದ ಎದೆಯಲ್ಲಿ ಏನೋ ಹಿಡಿದ ಹಾಗಿದೆ ಎಂದು ಹಿಂದಿನ ಕೋಣೆಯಲ್ಲಿ ಮಲಗಿದ್ದ. ತಂಗಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಗಂಟಲಮ್ಮ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಮರುದಿನದ ಬರಹವನ್ನು ಓದಿ ತನ್ನ ಪುಟ್ಟ ರೆಕಾರ್ಡರಿನಲ್ಲಿ ಹಿಡಿಯುತ್ತಿದ್ದಳು. ಅದು ಅವಳ ನಿತ್ಯದ ಅಭ್ಯಾಸ, ಓದುವುದು, ಹಿಡಿಯುವುದು, ಕೇಳಿ ತಿದ್ದುವುದು. ತಂಗಿ ಬಂದು ಹಿಂದಿನ ಕೋಣೆಗೆ ಹೋದಾಗ ಎಲ್ಲ ಮುಗಿದಿತ್ತು.

ಕೆಲವು ವಾರಗಳ ನಂತರ ಅವಳು ಮತ್ತೆ ಕೆಲಸಕ್ಕೆ ಹೊರಡುವ ಮುಂಚೆ ಆ ಅಭ್ಯಾಸದ ಓದನ್ನು ಹಾಕಿ ಕೇಳಿದಳು. ತಂಗಿ ಅಲ್ಲೇ ಇದ್ದಳು. ಅಕ್ಕನ ದನಿ ಕಲೆ ತೆಗೆಯುವ ವಿಧಾನವನ್ನು ವಿವರಿಸುತ್ತ ಹೋಗುತ್ತದೆ. ಅದರ ಹಿಂದೆ, ಮುಚ್ಚಿದ ಬಾಗಿಲಿನಾಚೆಯಿಂದ, ಇನ್ನೊಂದು ದನಿ. "ಏ, ಸ್ವಲ್ಪ ಇಲ್ಲಿ ಬಾ." ಅರಚಿದ ದನಿಯಲ್ಲ, ಏನನ್ನೋ ತೋರಿಸಲು ಕರೆದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಅದೇ ಮಾತು. ಆಮೇಲೆ ಕಲೆಯ ಮೇಲೆ ಉಪ್ಪು ಉದುರಿಸಿ ಬಿಸಿಲಿಗೆ ಒಣಗಿಸಿ ಎಂದು ಅವಳ ದನಿಯೊಂದೇ, ಕೊನೆಯವರೆಗೆ.

ಕರೆದಾಗ ಹೋಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದು ನಿಜವಿರಬೇಕು. ಡಾಕ್ಟರುಗಳು ಇಂಥ ಸಂದರ್ಭದಲ್ಲಿ ಹಾಗೆ ಹೇಳುವುದೂ ಉಂಟು. ಗಂಟಲಮ್ಮ ಅತ್ತದ್ದನ್ನು ತಂಗಿ ನೋಡಲಿಲ್ಲ. ಆ ರೆಕಾರ್ಡನ್ನು ಅವಳು ಅಳಿಸಲಿಲ್ಲ, ಮತ್ತೆ ಹಾಕಲೂ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಮಾತ್ರ ನಿಲ್ಲಿಸಿದಳು. ತಂಗಿಯ ಯಂತ್ರ ಈಗ ಯಾವ ಹೊತ್ತಿನಲ್ಲಾದರೂ ಓಡಬಹುದಿತ್ತು.

ನಿಲಯ ಬದಲಾದದ್ದು ಇದರ ನಂತರ. ಊರ ಹೊರಗಿದ್ದ ಎತ್ತರದ ಟವರನ್ನು ಬಿಚ್ಚಿ ಗುಜರಿಗೆ ಹಾಕಿದರು. ಹಳ್ಳಿಹಳ್ಳಿಗೆ ಹೋಗುತ್ತಿದ್ದ ಹಳೆಯ ರೇಡಿಯೊ ಅಲೆ ನಿಂತಿತು. ಉಳಿದದ್ದು ಊರೊಳಗಿನ ಎಫ್‌ಎಂ ಮತ್ತು ಫೋನಿನಲ್ಲಿ ಕೇಳುವ ಆ್ಯಪ್. ಹೊಸ ನಿರ್ದೇಶಕ ಸಭೆ ಕರೆದು ಹೇಳಿದ್ದನ್ನು ನಾನು ತಪ್ಪೆನ್ನಲಾರೆ. ಜನರ ಕಿವಿ ಎಲ್ಲಿದೆಯೋ ನಾವು ಅಲ್ಲಿಗೆ ಹೋಗಬೇಕು, ಅವರು ಪೆಟ್ಟಿಗೆಯ ಮುಂದೆ ಬಂದು ಕೂರುವ ಕಾಲ ಮುಗಿಯಿತು, ಕಿವಿಗಳು ಈಗ ಜೇಬಿನಲ್ಲಿವೆ ಎಂದ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ವ್ಯಾಯಾಮ ಮಾಡುತ್ತ ಕೇಳುವವರು ಬೇಕಾದಾಗ ಶುರು ಮಾಡುತ್ತಾರೆ, ಬೇಡವಾದಾಗ ವಾಕ್ಯದ ನಡುವೆಯೇ ಎದ್ದು ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಮಧ್ಯಾಹ್ನ ಎಫ್‌ಎಂಗೆ ಬರೀ ಹಾಡು ಎಂದಾಯಿತು. ಮಾತಿನ ಕಾರ್ಯಕ್ರಮಗಳನ್ನು ಆ್ಯಪ್ ಕಡೆಗೆ ತಳ್ಳಿದರು. ನಿವೃತ್ತಿಯ ನಂತರವೂ ಗಂಟಲಮ್ಮ ತನ್ನ ಒಂದು ಗಂಟೆಗೆ ಮಾತ್ರ ಬಂದು ಹೋಗುತ್ತಿದ್ದಳು. ನಿರ್ದೇಶಕ ಅವಳಿಗೆ ನೇರವಾಗಿಯೇ ಹೇಳಿದ. "ಅಮ್ಮ, ಈ ವರ್ಷ ನೋಡೋಣ. ಜನ ಸೇರಿದರೆ ನಿಮ್ಮ ಗಂಟೆ ನಿಮ್ಮದೇ. ಸೇರದಿದ್ದರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ." ಆ ಗಂಟೆಯನ್ನು ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ. ಮನೆಯಲ್ಲಿ ಅವಳು ಮಾತಾಡುವುದು ಎಂದೋ ನಿಂತಿತ್ತು.

ಆ್ಯಪ್ ನೋಡಿಕೊಳ್ಳಲು ಜಾಹೀರಾತು ಕಂಪನಿಯಿಂದ ಒಬ್ಬಳು ಬಂದಳು. ಮೂವತ್ತು ದಾಟಿದವಳು, ಚುರುಕು, ಮಾತು ಸ್ವಲ್ಪ ಹೆಚ್ಚು. ಎಲ್ಲರೂ ಅವಳನ್ನು ಫೋನಿನವಳು ಎನ್ನುತ್ತಿದ್ದರು. ಬಂದವಳೇ ಸ್ಟುಡಿಯೊದಲ್ಲಿ ಮೈಕಿನ ಪಕ್ಕ ಒಂದು ಪುಟ್ಟ ಪರದೆ ಇಟ್ಟಳು. ಈ ಕ್ಷಣ ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಅಂಕಿ ಅದರಲ್ಲಿ ಕಾಣುತ್ತಿತ್ತು.

"ಇದನ್ನ ತೆಗಿ," ಎಂದಳು ಗಂಟಲಮ್ಮ. "ನಾನು ಕಾಗದ ನೋಡಿ ಓದೋಳು, ಲೆಕ್ಕ ನೋಡಿ ಅಲ್ಲ."

"ನಿಮ್ಮ ಒಳ್ಳೇದಕ್ಕೇ ಮೇಡಂ. ಜನ ಎಲ್ಲಿ ಎದ್ದು ಹೋಗ್ತಾರೆ ಅಂತ ಗೊತ್ತಾದ್ರೆ ಅಲ್ಲಿ ಸರಿ ಮಾಡ್ಕೋಬಹುದು."

"ನನ್ನ ಮುಂದಿನಿಂದ ಇವತ್ತಿನವರೆಗೂ ಯಾರೂ ಎದ್ದು ಹೋಗಿಲ್ಲ."

"ಮುಂದೆ ಯಾರೂ ಕೂತಿರಲಿಲ್ವಲ್ಲ ಮೇಡಂ."

ಪರದೆ ಉಳಿಯಿತು. ಮೊದಲ ದಿನ ಒಂಬತ್ತು ಎಂದು ತೋರಿಸಿತು. ಅವಳು ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಆರಾಯಿತು, ಉಣ್ಣೆ ಬಟ್ಟೆಯನ್ನು ಹುಳುವಿನಿಂದ ಕಾಪಾಡುವ ಬಗ್ಗೆ ಶುರು ಮಾಡಿದಾಗ ಮೂರಾಯಿತು, ಕತೆಯ ಹೊತ್ತಿಗೆ ಒಂದು. ಲಕ್ಷ ಜನರಿಗೆ ಓದಿದ ದನಿಯಲ್ಲೇ ಅವಳು ಆ ಒಂದಕ್ಕೂ ಓದಿದಳು. ಕಂಟ್ರೋಲ್ ರೂಮಿನ ಹಿರಿಯ, ಅವಳಷ್ಟೇ ಹಳಬ, ಗಾಜಿನಾಚೆಯಿಂದ ನೋಡುತ್ತಿದ್ದವನು, ಅವಳ ಮುಖದಲ್ಲಿ ಏನೂ ಕಾಣಲಿಲ್ಲ ಎಂದ. ಮರುದಿನ ನಾಲ್ಕು, ಮತ್ತೆ ಎರಡು, ಮತ್ತೆ ಒಂದು. ಬಂದವರು ಬಂದ ಹಾಗೇ ಹೋಗುತ್ತಿದ್ದರು. ಆ ಒಂದು ಮಾತ್ರ ಅಲ್ಲಾಡುತ್ತಿರಲಿಲ್ಲ.

ಮೊದಮೊದಲು ಅವಳಿಗೆ ಹೆಮ್ಮೆಯಾಯಿತು. ಒಬ್ಬರಾದರೂ ಬೆಲೆ ಬಲ್ಲವರು ಎಂದುಕೊಂಡಳು. ಆಮೇಲೆ ಕುತೂಹಲ. ಒಂದು ದಿನ ಬೇಕೆಂದೇ ಸ್ಟುಡಿಯೊದ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರಿನ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಗಂಭೀರವಾಗಿ ಓದಿದಳು. ಉಳಿದವರೆಲ್ಲ ಓಡಿಹೋದರು, ಒಂದು ಉಳಿಯಿತು. ಇನ್ನೊಂದು ದಿನ, "ನಿಮಗೆ ಬೇರೆ ಕೆಲಸವಿಲ್ಲವೇ?" ಎಂದು ಮೈಕಿನಲ್ಲೇ ಕೇಳಿದಳು. ಒಂದು ಉಳಿಯಿತು. ಒಮ್ಮೆ ಬೇಗ ಬಂದು ನೋಡಿದಳು, ಅವಳ ಕಾರ್ಯಕ್ರಮ ಶುರುವಾಗುವ ಮುಂಚೆಯೇ ಅದು ಅಲ್ಲಿತ್ತು. ಮುಗಿಸಿ ಹೊರಗೆ ಬಂದವಳು ಫ್ಲಾಸ್ಕು ಮರೆತ ನೆಪ ಮಾಡಿ ಮತ್ತೆ ಒಳಗೆ ಹೋಗಿ ನೋಡಿದಳು. ಖಾಲಿ ಸ್ಟುಡಿಯೊದಲ್ಲಿ, ದೀಪವಾರಿದ ಮೈಕಿನ ಪಕ್ಕದಲ್ಲಿ, ಒಂದು.

ಆ ದಿನ ಮನೆಗೆ ಬಂದವಳು ತಂಗಿಯ ಯಂತ್ರದ ಪಕ್ಕ ಬಂದು ನಿಂತಳು. ಹಾಗೆ ಬಂದು ನಿಲ್ಲುವುದು ಅವಳ ರೂಢಿಯಲ್ಲ.

"ಒಬ್ಬರಿದ್ದಾರೆ," ಎಂದಳು.

"ಎಲ್ಲಿ?"

"ಆ್ಯಪಲ್ಲಿ. ನಾನು ಹೋಗೋಕೆ ಮುಂಚೆನೇ ಇರ್ತಾರೆ. ಬಂದ ಮೇಲೂ ಇರ್ತಾರೆ."

"ಪಾಪ, ಕೆಲಸ ಇಲ್ಲದವರು ಯಾರೋ."

"ಜೀವ ಇರೋರಾಗಿದ್ರೆ ಎದ್ದು ಹೋಗ್ತಿದ್ರು. ಊಟಕ್ಕಾದ್ರೂ ಏಳಲ್ವಾ? ಫೋನ್ ಬಂದ್ರೆ ನಿಲ್ಲಿಸಲ್ವಾ? ಬೈದು ನೋಡಿದೆ, ಆಗಲೂ ಹೋಗಲಿಲ್ಲ."

ತಂಗಿ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. "ಭಾವ ಅಂತಿದ್ದೀಯಾ?"

ಅಕ್ಕ ಸ್ಕಾರ್ಫಿನ ಗಂಟು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಅಕ್ಕ, ಭಾವನಿಗೆ ಫೋನಲ್ಲಿ ಅಲಾರಂ ಇಡೋಕೆ ಬರ್ತಿರಲಿಲ್ಲ. ದಿನಾ ನಾನೇ ಇಟ್ಟುಕೊಡ್ತಿದ್ದೆ. ಸತ್ತ ಮೇಲೆ ಕಲಿತುಬಿಟ್ರಾ?"

"ನಗಬೇಡ."

"ನಾನೆಲ್ಲಿ ನಗ್ತಿದ್ದೀನಿ. ದಾರ ಸಿಕ್ಕಿಕೊಂಡಿದೆ, ಬಿಡಿಸ್ತಿದ್ದೀನಿ."

ಅವಳು ನಿಜಕ್ಕೂ ನಗುತ್ತಿರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಅವತ್ತು ಯಾಕೋ ಅರ್ಧ ತೆರೆದಿತ್ತು, ಎದ್ದು ಹೋಗಿ ಅದನ್ನು ಮುಚ್ಚಲು ತನಗೆ ಧೈರ್ಯ ಬರಲಿಲ್ಲ ಎಂದು ನನ್ನ ಹತ್ತಿರ ಒಪ್ಪಿಕೊಂಡಳು. ಮುಚ್ಚಿದ ಬಾಗಿಲು ತೆರೆದ ಬಾಗಿಲಿಗಿಂತ ಹೆಚ್ಚು ಹೆದರಿಸುತ್ತಿತ್ತಂತೆ.

ಅಲ್ಲಿಂದ ಕಾರ್ಯಕ್ರಮದ ರೀತಿಯೇ ಬದಲಾಯಿತು. ಗಂಟಲಮ್ಮ ಕಾಗದವಿಲ್ಲದೆ ಬಂದು ಕೂರತೊಡಗಿದಳು. ಉಣ್ಣೆ, ಉಪ್ಪು, ಕಲೆ ಎಲ್ಲ ಹೋದವು. ಅವಳು ಗಂಡನ ಕತೆಗಳನ್ನು ಹೇಳಿದಳು. ಒಂದು ಮನೆಯ ಹಿತ್ತಲಿನಲ್ಲಿ ಮೀಟರಿನ ಗುಂಡಿಯ ಮೇಲೆ ಒಂದು ನಾಯಿ ಮಲಗಿರುತ್ತಿತ್ತು, ಯಾರು ಬಂದರೂ ಏಳುತ್ತಿರಲಿಲ್ಲ. ಒಂದು ದಿನ ಮೀಟರಿನವನು ಅದರ ಮುಂದೆ ಕೂತ. ಅಷ್ಟು ಹೇಳಿ ಅವಳು ನಿಲ್ಲಿಸುತ್ತಿದ್ದಳು. ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ಯಾವ ಕತೆಯ ಕೊನೆಯೂ ಗೊತ್ತಿರಲಿಲ್ಲ, ಯಾವುದನ್ನೂ ಅವಳು ಕೊನೆಯವರೆಗೆ ಹೇಳಲು ಬಿಟ್ಟಿರಲಿಲ್ಲ. "ಆಮೇಲೆ ಏನಾಯಿತು?" ಎಂದು ಮೈಕಿನಲ್ಲಿ ಕೇಳಿ, ಪರದೆಯ ಮೇಲಿನ ಒಂದನ್ನು ನೋಡುತ್ತ, ಕಾಯುತ್ತಿದ್ದಳು.

ರೇಡಿಯೊದಲ್ಲಿ ಮೌನಕ್ಕಿಂತ ದೊಡ್ಡ ಅಪರಾಧವಿಲ್ಲ. ಸ್ವಲ್ಪ ಹೊತ್ತು ದನಿ ನಿಂತರೆ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹೊತ್ತಿ, ಗಂಟೆ ಬಡಿದು, ಯಂತ್ರ ತಾನಾಗಿ ಹಾಡು ಹಾಕಿಬಿಡುತ್ತದೆ. ಮೊದಲ ಸಲ ಹಾಗಾದಾಗ ಹಿರಿಯ ಓಡಿಬಂದ.

"ಏನಾಯ್ತಮ್ಮ, ಗಂಟಲು ಕೆಟ್ಟಿತಾ?"

"ಹಾಡು ಹಾಕಬೇಡಿ. ನಾನು ಕೇಳ್ತಾ ಇದ್ದೀನಿ."

"ಏನನ್ನ?"

ಅದಕ್ಕೆ ಅವಳು ಮೇಜಿನ ಮೇಲೆ ಎರಡು ಸಲ ಬೆರಳು ಕುಟ್ಟಿದಳು. ಅವನು ಬಾಗಿಲು ಹಾಕಿಕೊಂಡು ಹೋದ. ಮರುದಿನದಿಂದ ಅವಳ ಕಾರ್ಯಕ್ರಮದ ಹೊತ್ತೆಲ್ಲ, ಹಾಡು ತಾನಾಗಿ ಬರದಂತೆ, ಆ ಎಚ್ಚರಿಕೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೂರುತ್ತಿದ್ದ. "ಆ ಸುಮ್ಮನಿರೋ ಹೊತ್ತಲ್ಲಿ ಹೆಡ್‌ಫೋನ್ ಹಾಕೋಕೆ ನನಗೆ ಆಗ್ತಿರಲಿಲ್ಲ," ಎಂದ ಅವನು. "ಯಾರಾದ್ರೂ ಉತ್ತರ ಕೊಟ್ಟುಬಿಟ್ರೆ ಅಂತ."

ವಿಚಿತ್ರವೆಂದರೆ ಅಂಕಿ ಏರತೊಡಗಿತು. ಐದು, ಹನ್ನೊಂದು, ಒಂದು ದಿನ ನಲವತ್ತರ ಹತ್ತಿರ. ಮೌನದ ಹೊತ್ತಿನಲ್ಲಿ ಯಾರೂ ಎದ್ದು ಹೋಗುತ್ತಿರಲಿಲ್ಲ. ಫೋನಿನವಳು ಇದನ್ನು ಗಮನಿಸಿದಳು, ಅದು ಅವಳ ಕೆಲಸ. ಕೆಲವರು ಆ್ಯಪಿನಲ್ಲಿ ತಮ್ಮ ದನಿಯಲ್ಲೇ ಸಂದೇಶ ಕಳಿಸಿದ್ದರು. ನಾಯಿಯ ಕತೆಗೆ ಒಬ್ಬಳು ಒಂದು ಕೊನೆ ಹೇಳಿದ್ದಳು. ಒಬ್ಬ ಅದನ್ನು ಬಿಟ್ಟು ತನ್ನದೇ ನಾಯಿಯ ಕತೆ ಹೇಳಿದ್ದ. ಫೋನಿನವಳು ಉತ್ಸಾಹದಿಂದ ಬಂದಳು.

"ಮೇಡಂ, ಇದೇ ದಾರಿ. ನೀವು ಅರ್ಧ ಹೇಳಿ, ಜನ ಉಳಿದರ್ಧ ಹೇಳಲಿ. ಅವರ ದನೀನೇ ಹಾಕೋಣ. ನಿಮ್ಮ ಗಂಟೆಗೆ ಇನ್ನು ಯಾರೂ ಕೈ ಹಾಕಲ್ಲ, ಡೈರೆಕ್ಟರಿಗೆ ನಾನು ಹೇಳ್ತೀನಿ."

"ಕಂಡಕಂಡವರ ಕೆಮ್ಮು ಸೀನು ಕೇಳಿಸೋದಕ್ಕೆ ರೇಡಿಯೊ ಬೇಕಾ?"

"ನೀವೇ ಕೇಳ್ತಿದ್ದೀರಲ್ಲ ಮೇಡಂ, ಆಮೇಲೆ ಏನಾಯಿತು ಅಂತ."

"ನಾನು ಅವರನ್ನ ಕೇಳ್ತಾ ಇಲ್ಲ."

"ಮತ್ತೆ ಯಾರನ್ನ?"

ಗಂಟಲಮ್ಮ ಪರದೆಯನ್ನು ತೋರಿಸಿದಳು. ಪ್ರಸಾರ ಮುಗಿದಿತ್ತು, ಅದರಲ್ಲಿ ಒಂದು ಎಂದಿತ್ತು. "ಇವರನ್ನ. ಇವರು ಯಾರು ಅಂತ ನಿನಗೆ ಗೊತ್ತಾಗುತ್ತಾ?"

ಫೋನಿನವಳಿಗೆ ಅದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ ಅಷ್ಟೆ. ಮರುದಿನ ಅವಳು ಗಂಟಲಮ್ಮನನ್ನು ಕಂಟ್ರೋಲ್ ರೂಮಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಕಬ್ಬಿಣದ ಚೌಕಟ್ಟುಗಳಲ್ಲಿ ಯಂತ್ರಗಳನ್ನು ಜೋಡಿಸಿಟ್ಟ, ತಣ್ಣಗೆ ಗುಂಯ್‌ಗುಡುವ ಕೋಣೆ ಅದು. ಕೆಳಗಿನ ಖಾನೆಯಲ್ಲಿ ಹಸಿರು ದೀಪ ಮಿನುಗುವ ಒಂದು ಪೆಟ್ಟಿಗೆಯಿತ್ತು.

"ಇದೇ ಮೇಡಂ. ನಿಮ್ಮ ಕೇಳುಗ."

ಪ್ರಸಾರವಾದ ಪ್ರತಿ ಮಾತನ್ನೂ ಕೆಲವು ತಿಂಗಳು ಹಿಡಿದಿಡಬೇಕು ಎಂಬುದು ನಿಯಮ. ನಾಳೆ ಯಾರಾದರೂ ದೂರು ಕೊಟ್ಟರೆ ಆಧಾರ ಬೇಕು. ಟವರು ಇದ್ದಾಗ ಈ ಪೆಟ್ಟಿಗೆಗೆ ಒಂದು ಸಾಧಾರಣ ರೇಡಿಯೊವನ್ನು ಜೋಡಿಸಿದ್ದರು, ಅದು ಗಾಳಿಯಿಂದ ಹಿಡಿದು ತುಂಬಿಕೊಳ್ಳುತ್ತಿತ್ತು. ಟವರು ಹೋದಾಗ ಹಿರಿಯ ಅದನ್ನು ಆ್ಯಪ್‌ಗೆ ಜೋಡಿಸಿದ, ಹೊರಗಿನ ಯಾವುದೋ ಒಂದು ಫೋನಿನ ಹಾಗೆ. ಆದ್ದರಿಂದ ಆ್ಯಪ್ ಅದನ್ನೂ ಒಬ್ಬ ಕೇಳುಗನೆಂದು ಎಣಿಸುತ್ತಿತ್ತು.

"ಸ್ಟುಡಿಯೊದಿಂದ ನೇರವಾಗಿ ಒಂದು ತಂತಿ ಎಳೆದಿದ್ರೆ ಆಗ್ತಿತ್ತು," ಎಂದಳು ಫೋನಿನವಳು, ಹಿಂದೆ ಬಂದು ನಿಂತಿದ್ದ ಹಿರಿಯನ ಕಡೆ ತಿರುಗಿ. "ನಿಮ್ಮಿಂದ ನನ್ನ ಲೆಕ್ಕವೆಲ್ಲ ಇಷ್ಟು ದಿನ ಒಂದು ಜಾಸ್ತಿ."

ಹಿರಿಯ ತಲೆ ತಗ್ಗಿಸಲಿಲ್ಲ. "ಹಿಡಿಯೋದನ್ನ ಯಾವಾಗಲೂ ಹೊರಗಿನಿಂದಲೇ ಹಿಡೀಬೇಕು, ನಮಗೆ ಹಾಗೇ ಕಲಿಸಿದ್ದು. ಒಳಗಿನಿಂದ ಹಿಡಿದ್ರೆ ನಾವು ಕಳಿಸಿದ್ದು ಗೊತ್ತಾಗುತ್ತೆ. ತಲುಪಿದ್ದು ಗೊತ್ತಾಗಲ್ಲ."

ಗಂಟಲಮ್ಮ ಪೆಟ್ಟಿಗೆಯ ಮುಂದೆ ಬಗ್ಗಿದಳು. "ಇದರಲ್ಲಿ ಎಲ್ಲಾ ಇದೆಯಾ?"

"ಎಲ್ಲಾ ಇದೆ."

"ನಾನು ಸುಮ್ಮನಿದ್ದಿದ್ದು?"

"ಅದೂ ಇದೆಯಮ್ಮ. ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ."

ಅಂಥ ಒಂದು ದಿನದ್ದನ್ನು ಹಾಕಿ ಎಂದಳು. ಹಿರಿಯ ನಾಯಿಯ ಕತೆಯ ದಿನವನ್ನು ಹುಡುಕಿ ಹೆಡ್‌ಫೋನ್ ಕೊಟ್ಟ. ಆಮೇಲೆ ಏನಾಯಿತು ಎಂಬ ಅವಳದೇ ದನಿ, ಅದರ ನಂತರ ಖಾಲಿ. ಅವಳು ಕಣ್ಣು ಮುಚ್ಚಿ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಮೈಯೆಲ್ಲ ಮುಂದಕ್ಕೆ ಬಾಗಿಸಿ ಕೇಳಿದಳು. ಅವಳು ಹಾಗೆ ಕೇಳಿದ್ದನ್ನು ತಾನು ಆ ಮುಂಚೆ ಕಂಡಿರಲಿಲ್ಲ ಎಂದು ಹಿರಿಯ ಹೇಳಿದ. ಮತ್ತೊಮ್ಮೆ ಹಾಕಿ ಎಂದಳು. ಮತ್ತೊಮ್ಮೆ ಹಾಕಿದ. ಕುರ್ಚಿಯ ಕಿರುಗುಡುವಿಕೆ, ಅವಳದೇ ಉಸಿರು, ಇನ್ನೇನೂ ಇಲ್ಲ. ಅವಳು ಹೆಡ್‌ಫೋನ್ ತೆಗೆದು, ಸ್ಕಾರ್ಫಿನ ತುದಿಯಿಂದ ಒರೆಸಿ, ಅವನ ಕೈಗೆ ಕೊಟ್ಟಳು.

"ಇದನ್ನ ಲೆಕ್ಕದಿಂದ ತೆಗೆಸಿ," ಎಂದು ಫೋನಿನವಳಿಗೆ ಹೇಳಿದಳು. "ನನ್ನ ಗಂಟೆ ನೀನೇ ತಗೋ."

ಫೋನಿನವಳು ಬೇಡವೆಂದಳು, ಇಬ್ಬರೂ ಸೇರಿ ಮಾಡೋಣ ಎಂದಳು. ನಿರ್ದೇಶಕನೂ ಮಾತಾಡಿಸಿದ. ಕಾರ್ಯಕ್ರಮ ಉಳಿಯುವ ದಾರಿ ಎದುರಿಗೇ ಇತ್ತು, ಇನ್ನೊಬ್ಬರ ದನಿಗೆ ಜಾಗ ಕೊಟ್ಟಿದ್ದರೆ ಸಾಕಿತ್ತು. ಅವಳು ಕೊಡಲಿಲ್ಲ. ಅವಳನ್ನು ಬಲ್ಲ ಯಾರಿಗೂ ಅದು ಆಶ್ಚರ್ಯವಲ್ಲ.

ಮನೆಯಲ್ಲಿ ಕೂತ ಮೇಲೆ ಒಂದು ಮಧ್ಯಾಹ್ನ ಅವಳು ತಂಗಿಯ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡಳು. "ಆ ಮುದುಕನ ನಲ್ಲಿ ಕತೆ," ಎಂದಳು. "ಅದರ ಕೊನೆ ನಿನಗೆ ಗೊತ್ತಾ?"

"ಗೊತ್ತು. ಭಾವ ಅದನ್ನ ನಾಲ್ಕು ಸಲ ಹೇಳಿದ್ರು."

"ಗೊತ್ತಿದ್ದೂ ಇಷ್ಟು ದಿನ ಹೇಳಲಿಲ್ವಾ?"

"ನೀನು ಊರನ್ನೆಲ್ಲ ಕೇಳಿದೆ. ನನ್ನನ್ನ ಯಾವಾಗ ಕೇಳಿದೆ?" ತಂಗಿ ಹಲ್ಲಿನಲ್ಲಿ ದಾರ ಕಡಿದಳು. "ಮುದುಕನ್ನ ಮಗಳು ಕರ್ಕೊಂಡು ಹೋದಳು. ಆಮೇಲೆ ಬಂದವರು ನಲ್ಲಿ ರಿಪೇರಿ ಮಾಡಿಸಿದ್ರು."

"ಅಷ್ಟೇನಾ?"

"ಅಷ್ಟೇ. ಭಾವನ ಕತೆಗಳೆಲ್ಲ ಅಷ್ಟೇ ಇರ್ತಿದ್ವು. ಕೂತು ಕೇಳಿದ್ರೆ ಹೊತ್ತು ಹೋಗ್ತಿತ್ತು."

ಫೋನಿನವಳು ಆ ಗಂಟೆಯಲ್ಲಿ ಕೇಳುಗರ ದನಿಗಳನ್ನೇ ಹಾಕತೊಡಗಿದಳು. ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಒಂದು ಸಂಗತಿ ಹೇಳಿ ಕಳಿಸಬಹುದು. ಶುರುವಿನಲ್ಲಿ ಕಳಿಸಿದವರು ಬೆರಳೆಣಿಕೆ, ಕೇಳಿದವರು ಅದಕ್ಕೂ ಕಡಿಮೆ. ಪೆಟ್ಟಿಗೆಯನ್ನು ಲೆಕ್ಕದಿಂದ ತೆಗೆದಿದ್ದರಿಂದ ಅಂಕಿ ಈಗ ಸೊನ್ನೆಯನ್ನೂ ತೋರಿಸಬಹುದಿತ್ತು. ಕೆಲವು ದಿನ ತೋರಿಸಿತು.

"ಅದನ್ನ ಹಾಕಿಕೊಡು," ಎಂದು ಗಂಟಲಮ್ಮ ತನ್ನ ಫೋನನ್ನು ತಂಗಿಯ ಮುಂದೆ ಹಿಡಿದಳು.

"ಯಾವುದನ್ನ?"

"ಅದೇ, ಅವಳದ್ದು. ಎಷ್ಟು ಕೆಟ್ಟದಾಗಿ ಮಾಡ್ತಾಳೆ ನೋಡ್ಬೇಕು."

ಕೆಟ್ಟದಾಗಿಯೇ ಇತ್ತು. ಒಬ್ಬನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು, ಒಬ್ಬಳ ಹಿಂದೆ ಮಗು ಅಳುತ್ತಿತ್ತು. ಗಂಟಲಮ್ಮ ಪ್ರತಿಯೊಬ್ಬರ ತಪ್ಪನ್ನೂ ಎತ್ತಿ ಹೇಳಿದಳು, ಉಸಿರು ಎಲ್ಲಿ ತೆಗೆಯಬೇಕು, ಬಾಯಿ ಮೈಕಿನಿಂದ ಎಷ್ಟು ದೂರವಿರಬೇಕು ಎಂದು ಫೋನಿನ ಮುಖಕ್ಕೇ ಪಾಠ ಮಾಡಿದಳು. ಮರುದಿನವೂ ಹಾಕಿಸಿಕೊಂಡಳು. ದಿನಗಳೆದಂತೆ ಟೀಕೆ ಕಡಿಮೆಯಾಯಿತು, ಕೇಳುವುದು ನಿಲ್ಲಲಿಲ್ಲ. ಆ ಹೊತ್ತಿನಲ್ಲಿ ಹಿಂದಿನ ಕೋಣೆಯ ಬಾಗಿಲನ್ನು ಅವಳು ಪೂರ್ತಿ ತೆರೆದಿಡುತ್ತಿದ್ದಳು. ಗಾಳಿಗೆ ಎಂದಳು. ಆ ದಿಕ್ಕಿನಿಂದ ಗಾಳಿ ಬರುವುದಿಲ್ಲ.

ಕಳೆದ ತಿಂಗಳು ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ತಂಗಿಯೇ. ಪೊರೆ ಬಂದಿತ್ತು, ಆ ಡಾಕ್ಟರು ಸಿಗುವುದೇ ಅಪರೂಪ, ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕಾದಿದ್ದರು. ನರ್ಸ್ ಬಂದು ಎರಡೂ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರಿ, ಕರೀತೀನಿ ಎಂದಳು. ಮಧ್ಯಾಹ್ನವಾಗಿತ್ತು. ಗಂಟಲಮ್ಮ ಕಣ್ಣು ಮುಚ್ಚಿಕೊಂಡೇ ಫೋನನ್ನು ಕಿವಿಗೆ ಇಟ್ಟುಕೊಂಡಳು. ಪಕ್ಕದಲ್ಲಿದ್ದ ತಂಗಿಗೂ ಅಷ್ಟಿಷ್ಟು ಕೇಳುತ್ತಿತ್ತು. ಯಾರೋ ಒಬ್ಬ, ವಯಸ್ಸಾದವನು, ತಡವರಿಸುತ್ತ, ಹೇಳಿದ್ದನ್ನೇ ಹೇಳುತ್ತ, ಬಸ್ಸಿನಲ್ಲಿ ಕಳೆದುಹೋದ ತನ್ನ ಕೊಡೆಯ ವಿಚಾರ ಹೇಳುತ್ತಿದ್ದ. ಕೊಡೆ ಎಲ್ಲಿ ಕೊಂಡದ್ದು, ಅದರ ಹಿಡಿ ಹೇಗಿತ್ತು, ಅವತ್ತು ಮೋಡವಿತ್ತೋ ಇಲ್ಲವೋ ಎನ್ನುವಲ್ಲೇ ಇನ್ನೂ ಇದ್ದ.

ನರ್ಸ್ ಬಂದು ಕರೆದಳು. ಗಂಟಲಮ್ಮ ಕದಲಲಿಲ್ಲ.

"ಅಜ್ಜಿ, ಫೋನ್ ಆಫ್ ಮಾಡಿ ಬನ್ನಿ. ಡಾಕ್ಟರು ಹೊರಡ್ತಾರೆ. ಈಗ ಬಿಟ್ರೆ ಮುಂದಿನ ತಿಂಗಳೇ."

"ಅಕ್ಕ, ಏಳು," ಎಂದು ತಂಗಿ ತೋಳು ಹಿಡಿದಳು.

"ಇರು."

"ಏನು ಇರು? ಬೆಳಿಗ್ಗೆಯಿಂದ ಕಾದಿದ್ದೀವಿ."

"ಅವನು ಇನ್ನೂ ಮುಗಿಸಿಲ್ಲ," ಎಂದಳು ಗಂಟಲಮ್ಮ, ಕಣ್ಣು ತೆರೆಯದೆ. "ಬೇರೆಯವರನ್ನ ಕಳಿಸು."

ನರ್ಸ್ ಅವಳ ಪಕ್ಕದಲ್ಲಿ ಕೂತಿದ್ದವರನ್ನು ಕರೆದುಕೊಂಡು ಒಳಗೆ ಹೋದಳು.